ಪ್ಯಾಚ್

ವಿದ್ಯಾನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಾಡಿನಡಿ
ಒಂದು ಮೇಜು, ಎರಡು ಸ್ಟೂಲು, ನಾನು.
ಪುಟಕ್ಕೆ ನಲವತ್ತು ರೂಪಾಯಿ. ಇಂಗ್ಲಿಷಿನಿಂದ ಕನ್ನಡಕ್ಕೆ,
ಕನ್ನಡದಿಂದ ಮಲೆಯಾಳಕ್ಕೆ. ತುಳುವಿನಲ್ಲಿ ಬಂದದ್ದಕ್ಕೆ
ದುಡ್ಡಿಲ್ಲ, ಅದು ಬರಿಯ ಮಾತು.

ಪೂವಕ್ಕ ತಂದದ್ದು ಎಕ್ಸ್‌ರೇ ವರದಿ.
ಮೂವತ್ತೊಂದು ವರ್ಷ ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ;
ಈಗ ಕ್ಷೇಮನಿಧಿಗೆ ಅರ್ಜಿ.
ಎಡ ಶ್ವಾಸಕೋಶ, ಮೇಲ್ಗಡೆ, ಒಂದು ಪ್ಯಾಚ್.
"ಎಂತ ಹೇಳ್ತದೆ ಅದು?"
"ತೇಪೆ" ಅಂದೆ.
"ನನ್ನೊಳಗೆ? ಹೊಲಿದದ್ದು ಯಾರು ಮಾರಾಯ್ರೆ?"

ನಗು ಕೆಮ್ಮಾಯಿತು. ಅದು ಮುಗಿಯುವವರೆಗೆ
ನಾನು ಪೆನ್ನಿಗೆ ಮುಚ್ಚಳ ಹಾಕಿದೆ, ತೆಗೆದೆ, ಹಾಕಿದೆ.

ಸುಲಭದ ಶಬ್ದ ಎಂದುಕೊಂಡಿದ್ದೆ.
ಕಳೆದ ವಾರ ಒಂದು ಪಾಲುಪಟ್ಟಿಯಲ್ಲಿ ಅದು
ತೋಡಿನಾಚೆಯ ಏಳು ಸೆಂಟ್ಸ್ ಜಾಗವಾಗಿತ್ತು,
ಮುರಕಲ್ಲಿನ ಪಾರೆಯ ನಡುವೆ ಹುಲ್ಲು ಹಿಡಿದಷ್ಟು.
ಅದಕ್ಕಾಗಿ ಬಡಿದಾಡಿದ ಅಣ್ಣತಮ್ಮ ಕೈ ಕುಲುಕಿದಾಗ
ವಕೀಲರು ಅಂದರು, ಪ್ಯಾಚಪ್ ಆಯ್ತು.
ಸಂಜೆಯೇ ತಮ್ಮ ಬೇಲಿ ಹಾಕಿದ.

ನುಳ್ಳಿಪ್ಪಾಡಿಯಲ್ಲಿ ಪಂಕ್ಚರು ಅಂಗಡಿಯ ಅಂದುಞ್ಞಿ
ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಕಾಯುತ್ತಾನೆ.
ತೂತು ಸಿಕ್ಕಿದರೆ ಮೊದಲು ಅದರ ಸುತ್ತ ಉಜ್ಜುತ್ತಾನೆ
ರಬ್ಬರಿನ ಚರ್ಮ ಬೆಳ್ಳಗಾಗುವಷ್ಟು.
"ನುಣ್ಣಗಿದ್ದಲ್ಲಿ ಏನೂ ಅಂಟುವುದಿಲ್ಲ ಮಾಷೇ."

ತಂಗಿಯ ಮಗುವಿಗೆ ಕಣ್ಣಿನ ಡಾಕ್ಟರು
ಒಳ್ಳೆಯ ಕಣ್ಣಿಗೇ ಅಂಟಿಸಿಬಿಟ್ಟಿದ್ದಾರೆ,
ಮೈಗಳ್ಳ ಕಣ್ಣು ಕೆಲಸ ಕಲಿಯಲಿ ಎಂದು.
ಬಾಗಿಲಿಗೆ ಹಣೆ ಹೊಡೆದುಕೊಂಡು ಕೇಳುತ್ತದೆ:
ಕಾಣುವುದನ್ನು ಯಾಕೆ ಮುಚ್ಚಿದ್ದು?
ಹೇಗೆ ಹೇಳಲಿ. ನಾನೂ ದಿನವಿಡೀ
ಒಂದು ಭಾಷೆಗೆ ಬಟ್ಟೆ ಕಟ್ಟಿ ಇನ್ನೊಂದರಿಂದ ನೋಡುವವನು,
ಢಿಕ್ಕಿ ಹೊಡೆಯುವವನು.

ಪೂವಕ್ಕ ಎಕ್ಸ್‌ರೇ ಹಾಳೆಯನ್ನು ಬಿಸಿಲಿಗೆ ಹಿಡಿದಳು.
ಸೂರ್ಯ ಅವಳ ಪಕ್ಕೆಲುಬುಗಳ ಹಿಂದೆ ನಿಂತ.
ಕಪ್ಪಿರಬೇಕಾದಲ್ಲಿ ಬಿಳಿ, ಅಂಗೈಯ ಕಾಲು ಭಾಗ.
ಏನನ್ನೂ ಮುಚ್ಚಿರಲಿಲ್ಲ ಅದು,
ಅದನ್ನೇ ಇಷ್ಟು ದಿನ ಮೈ ಮುಚ್ಚಿಟ್ಟಿತ್ತು.
"ಮುಗಲ್" ಅಂದಳು.
ಸ್ವಲ್ಪ ಹೊತ್ತು ಬಿಟ್ಟು, "ಮಳೆ ಬಾರದ ಜಾತಿಯದ್ದು."

ಹಾಗೇ ಬರೆದೆ: ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಮುಗಿಲು.
ಇಪ್ಪತ್ತು ವರ್ಷದಲ್ಲಿ ಅಷ್ಟು ಸರಿಯಾದ ಸಾಲು
ನನ್ನ ಕೈಯಿಂದ ಬಂದದ್ದಿಲ್ಲ.

ಕನ್ನಡದಲ್ಲೂ ಅರ್ಜಿ ಕೊಡಬಹುದು ಎಂದು ಕಚೇರಿಯಲ್ಲಿ ಬೋರ್ಡು ಉಂಟು.
ಅದರ ಕೆಳಗೆ ಕೂತ ಗುಮಾಸ್ತರು
ಇದು ರೋಗವಲ್ಲ, ಹವಾಮಾನ, ಎಂದರಂತೆ.
ಎರಡು ಪ್ರತಿಯಲ್ಲೂ ವೈಟ್ನರು ಬಳಿದು, ಉಫ್ ಎಂದು ಊದಿ,
ಮೇಲೆ ಮಲೆಯಾಳದಲ್ಲಿ ಪ್ಯಾಚ್ ಎಂದೇ ಬರೆದು
ಮೊಹರು ಒತ್ತಿದರಂತೆ.

ಮರುದಿನ ಅವಳ ಪಾಲಿನ ಪ್ರತಿಯೊಂದಿಗೆ ಬಂದಳು.
"ಇದರಡಿಯಲ್ಲಿ ಉಂಟಲ್ಲ, ನಾನು ಹೇಳಿದ್ದು?"
ಬೀಡಿಯ ಬಾಯಿ ಮಡಚಲು ಬೆಳೆಸಿದ ಹೆಬ್ಬೆರಳ ಉಗುರಿನಿಂದ
ಒಣಗಿದ ಬಿಳಿಯ ಅಂಚನ್ನು ಮೆಲ್ಲ ಕೆರೆದಳು.
ಪುಡಿ ಉದುರಿತು ಮೇಜಿನ ಮೇಲೆ.
"ಮು" ಕಂಡಿತು, ಅದೂ ಅರ್ಧ.

ಸಾಕು ಅಂದಳು.
ಹನ್ನೊಂದೂವರೆಗೆ ಬಸ್ಸು ಉಂಟು.