ಹನ್ನೆರಡನೇ ನಂಬರು

ಧನ್ವಂತ್ರಿ ರಸ್ತೆ. ಜಂಬೂಸವಾರಿಯ ಹಿಂದಿನ ರಾತ್ರಿ.
ಲಾಡ್ಜಿನ ಮೆಟ್ಟಿಲಲ್ಲಿ ಚೀಲಕ್ಕೆ ತಲೆಕೊಟ್ಟ ಮೂವರು.
ಅವರಲ್ಲೊಬ್ಬಳು ಎದ್ದು ಬಂದು
ಕೀಲಿಯ ಮೊಳೆಗೇ ಕಣ್ಣು ನೆಟ್ಟಳು:
‘ಹನ್ನೆರಡು ಖಾಲಿ ಅಲ್ವಾ ಸಾಮಿ?’

ಖಾಲಿಯಲ್ಲ ತಾಯಿ.
ಐನೂರು ಮುಂಗಡ, ಪಾಲಾಕ್ಷಪ್ಪ, ರಾಣೆಬೆನ್ನೂರು.
ಹಸಿರು ಇಂಕಿನಲ್ಲಿ ನನ್ನದೇ ಅಕ್ಷರ.

ಮಾಲೀಕರ ಫೋನು: ‘ಮೂರರಷ್ಟು ಬತ್ತದೆ, ಕೊಟ್ಬುಡೋ ಜವರ.’
ಕೊಡಲಿಲ್ಲ.
ಹೂಜಿ ತುಂಬಿಸಿದೆ, ದಿಂಬು ತಟ್ಟಿದೆ,
ಇನ್ನೇನು ಬಂದಾರೆಂದು ಫ್ಯಾನೂ ಹಾಕಿಟ್ಟೆ.
ನಾನು ಕೌಂಟರಿನಡಿ, ಸೊಳ್ಳೆಗಳ ಜೊತೆ.

ಬೆಳಗ್ಗೆ ಹತ್ತಕ್ಕೆ ರಿಂಗು:
‘ಬೀಗರ ಮನ್ಯಾಗ ಉಳಕೊಂಡ್ವಿ.
ರೊಕ್ಕ ವಾಪಸ್ ಸಿಗತೈತೇನ್ರಿ?’
ಗೋಡೆಯ ಬೋರ್ಡು ಓದಿ ಹೇಳಿದೆ.
ಆಮೇಲೆ, ಬೋರ್ಡಿನಲ್ಲಿಲ್ಲದ್ದು:
ರಾತ್ರಿಯೆಲ್ಲ ರೂಮು ನಿಮ್ಮದೇ ಆಗಿತ್ತು, ಸಾರ್.

ಗುಡಿಸಲು ಹೋದರೆ
ಮೆಟ್ಟಿಲ ಧೂಳಿನಲ್ಲಿ ಮೂರು ಮೈಯ ಅಚ್ಚು.
ಮೇಲೆ, ತಿರುಗುವ ಫ್ಯಾನಿನಡಿ,
ಹಾಸಿಗೆಗೆ ಒಂದು ಸುಕ್ಕೂ ಇಲ್ಲ.