ಎರಡೂವರೆ ನಿಮಿಷಕ್ಕೊಂದು ಟಿಕ್

ಭೋಸರಿಯ ಈ ಶೆಡ್ಡಿನಲ್ಲಿ, ಪಕ್ಕದ ಪವರ್ ಪ್ರೆಸ್ಸು
ದಢಕ್ ಎಂದಾಗಲೆಲ್ಲ
ನನ್ನ ಚಹಾದ ಮೇಲೊಂದು ಬಳೆ ಏಳುತ್ತದೆ.
ಇಂಥಲ್ಲಿ ಕೂತು ಸದ್ದು ತಿದ್ದುವ ಕೆಲಸ ನನ್ನದು.
ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳುವ ಪೆಟ್ಟಿಗೆ,
ಅದರೊಳಗೆ ಹುಣಸೆಬೀಜದಷ್ಟು ಪ್ರೊಸೆಸರು,
ಅದಕ್ಕೂ ಸ್ಪೀಕರಿಗೂ ನಡುವೆ ನಾನು ಬರೆದ ಡ್ರೈವರು.
(ಬಸ್ಸಿಗೆ ಡ್ರೈವರ್ ಇದ್ದೇ ಇದ್ದಾನಲ್ಲ, ನೀನ್ಯಾಕೆ
ಎಂದು ಮನೆಯೊಡತಿ ಪ್ರಮಿಳಾತಾಯಿ ನಕ್ಕದ್ದುಂಟು.)

ದೊಡ್ಡ ಕೆಲಸವಲ್ಲ. ನಲ್ಲಿಯ ಕೆಳಗೆ ಎರಡು ಕೊಡ.
ಒಂದು ಬರಿದಾಗುವಷ್ಟರಲ್ಲಿ ಇನ್ನೊಂದು ತುಂಬಬೇಕು,
ಬರಿದಾದದ್ದು ಕೂಗಬೇಕು, ನಾನು ಓಡಬೇಕು.
ಧಾರೆ ಕಡಿಯಬಾರದು, ಅಷ್ಟೇ.

ಭಿಕಾಜಿ ಧುಮಾಳರಿಗೆ ಹುಟ್ಟಿನಿಂದ ಕಣ್ಣಿಲ್ಲ.
ನಮ್ಮಲ್ಲಿ ಮಾಲು ಪಾಸು ಮಾಡುವವರು ಅವರೇ.
ಪೆಟ್ಟಿಗೆಗೆ ಹಣೆ ತಾಗಿಸಿ ಕೂತು, ಎದ್ದು, ಹೇಳಿದರು:
ಅನ್ನದಲ್ಲಿ ಎಲ್ಲೋ ಒಂದು ಕಲ್ಲಿದೆ.
ಆಸಿಲೋಸ್ಕೋಪಿನ ಹಸಿರು ಗೆರೆ ನನ್ನ ಪರ ಸಾಕ್ಷಿ ನುಡಿಯಿತು.
ಅವರು ತಮ್ಮದೇ ನಾಡಿ ಹಿಡಿದು ಎಣಿಸಿದರು.
ಎರಡೂವರೆ ನಿಮಿಷಕ್ಕೆ ಐದು ಸೆಕೆಂಡು ಕಮ್ಮಿ.
ಟಿಕ್.
ಮತ್ತೆ ಅಷ್ಟೇ. ಟಿಕ್.

ಮೂರು ವಾರ.
ಕೊಡ ದೊಡ್ಡದು ಮಾಡಿದೆ. ಟಿಕ್ ತಡವಾಗಿ ಬಂತು,
ಬಾರದೆ ಇರಲಿಲ್ಲ.
ಅಕ್ಟೋಬರಿನ ಸೆಕೆಯಲ್ಲಿ ತಗಡಿನ ಸೂರೂ ಟಿಕ್ ಎನ್ನುತ್ತಿತ್ತು,
ಅದನ್ನೂ ಅನುಮಾನಿಸಿದೆ.

ಕೊನೆಗೆ ನೋಡಿದರೆ ಬೋರ್ಡಿನ ಮೇಲೆ ಎರಡು ಹರಳು, ಎರಡು ಗಡಿಯಾರ.
ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಜಗಳ.
ಅಕ್ಕಲಕೋಟೆಯ ನನ್ನ ಸೋದರತ್ತೆ ಗಡಿಯಾರ ಮುಂದಿಟ್ಟವಳು,
ಮಾವ ಹಿಂದಿಟ್ಟವನು;
ಮೂವತ್ತು ವರ್ಷ ಒಂದು ಪಂಕ್ತಿಯಲ್ಲಿ ಉಣ್ಣಲಿಲ್ಲ.

ಒಂದು ರಿಜಿಸ್ಟರಿನ ಒಂದೇ ಒಂದು ಬಿಟ್.
ಸೊನ್ನೆ ಇತ್ತು, ಒಂದು ಮಾಡಿದೆ:
ಇನ್ನು ಸ್ಪೀಕರಿನ ಕಡೆಯವನೇ ತಾಳ ಹಾಕಲಿ,
ನಮ್ಮವನು ಹೆಜ್ಜೆ ಇಟ್ಟರೆ ಸಾಕು.

ಅದೇ ಕೈಯಲ್ಲಿ ಶುರುವಿನ ಧಪ್ ಕೂಡ ತೆಗೆದೆ.
ಬಾಯಿ ಬಿಡುವ ಮುನ್ನ ಇನ್ನೂರು ಮಿಲಿಸೆಕೆಂಡು ತಡಿ
ಎಂದೆ ಆಂಪ್ಲಿಫೈಯರಿಗೆ.
ಧಪ್ ಎದ್ದುಹೋದ ಜಾಗದಲ್ಲಿ ಕೇಳಿಸಿತು
ಇಷ್ಟು ದಿನ ಅದರಡಿ ಬಿದ್ದಿದ್ದ ಒಂದು ಉಸಿರು.
ಎಂದೋ ಯಾವುದೋ ಸ್ಟುಡಿಯೋದಲ್ಲಿ
'ಪುಢಚಾ ಥಾಂಬಾ' ಎನ್ನುವುದಕ್ಕೆ ಮೊದಲು
ವಸುಧಾ ಪಾರಸನೀಸ ಎಳೆದುಕೊಂಡದ್ದು.
ಸ್ವಲ್ಪ ನೆಗಡಿ ಇತ್ತೇನೋ.

ಕತ್ತರಿಸು, ಅದೂ ಗದ್ದಲವೇ, ಎಂದರು ಕರಮರಕರ್ ಸಾಹೇಬರು.
ಇರಲಿ, ಎಂದರು ಧುಮಾಳ.
ಊರ ಹೆಸರಿಗೆ ಮುಂಚೆ ಯಾರೋ ಇದ್ದಾರೆ ಅಂತ ತಿಳಿದರೆ
ಕಿವಿ ಕೊಡೋಕೆ ಹೊತ್ತು ಸಿಗುತ್ತೆ.

ಸಂಜೆ ಎಲ್ಲರೂ ಹೋದಮೇಲೆ
ಇಂಗ್ಲಿಷೇ ತುಂಬಿದ ಆ ಕೋಡಿನ ಒಂದು ಸಾಲಿನ ಪಕ್ಕ
ಕನ್ನಡದಲ್ಲಿ ಟಿಪ್ಪಣಿ ಬರೆದೆ:
ಇದು ಉಸಿರು. ಮುಟ್ಟಬೇಡ.
ನಾಳೆ ಇದನ್ನು ತೆರೆಯುವವನಿಗೆ ಓದಲು ಬರುತ್ತದೋ ಇಲ್ಲವೋ,
ಪುಣೆಯಲ್ಲಿ.