ಹಿಂದಲೆ

ಯೋಂಗ್‌ದೋ ದ್ವೀಪದ ಏರು, ಸೇತುವೆ, ಮೀನುಪೇಟೆ,
ಮತ್ತೆ ಅದೇ ಏರು.
ಹತ್ತೊಂಬತ್ತು ವರ್ಷದಿಂದ ಬೂಸಾನಿನ ಜನ
ನನ್ನ ಬೆನ್ನಿಗೆ ಕೂತು ಊರು ಸುತ್ತಿದ್ದಾರೆ.
ಮುಖ ನೋಡಿದವರು ಕಡಿಮೆ.
ಕಾರ್ಡು ಮುಟ್ಟಿಸುತ್ತಾರೆ, ಪೀಂ ಅನ್ನುತ್ತದೆ, ಹಿಂದೆ ಹೋಗುತ್ತಾರೆ.

ನನ್ನ ಹಣೆ ಮಾತ್ರ ವರ್ಷಕ್ಕೆ ಒಂದು ಬೆರಳಿನಷ್ಟು
ನೆತ್ತಿಯ ಕಡೆ ನಡೆಯುತ್ತಿತ್ತು.
ಹೆಂಡತಿ ಅಂದಳು: ಮಗಳ ಮದುವೆಯ ಫೋಟೋಕ್ಕಾದರೂ
ಒಂದಿಷ್ಟು ನಾಟಿ ಹಾಕಿಸಿಕೊ.
ಇಲ್ಲಿ ಹಾಗೇ ಅನ್ನುವುದು,
ಗದ್ದೆಗೂ ತಲೆಗೂ ಒಂದೇ ಮಾತು.

ಸೋಮ್ಯೋನಿನ ಬೀದಿ, ಆರನೇ ಮಹಡಿ.
ಪ್ಯೋನ್ ಎಂಬ ಹುಡುಗಿ ಪ್ಲಾಸ್ಟಿಕ್ ತಲೆಯೊಂದನ್ನು
ಕುಂಬಳಕಾಯಿ ತಿರುಗಿಸಿದಂತೆ ತಿರುಗಿಸಿದಳು.
ಸಸಿಮಡಿ ಹಿಂದಿದೆ, ಗದ್ದೆ ಮುಂದಿದೆ, ನೋಡಿ.
ಸಸಿ ಕೀಳುವುದು ಹೇಗೆ, ಅಷ್ಟೇ ಪ್ರಶ್ನೆ.

ಪಟ್ಟಿ ತೆಗೆದರೆ ಚರ್ಮವನ್ನೇ ಒಂದು ನಾಲಿಗೆಯಷ್ಟು ಕೊಯ್ದು
ಅಂಚಿಗೆ ಅಂಚು ಹೊಲಿಯುತ್ತಾರೆ.
ತಲೆ ಬೋಳಿಸಬೇಕಿಲ್ಲ, ದುಡ್ಡೂ ಕಡಿಮೆ.
ಗೆರೆಯೊಂದು ಉಳಿಯುತ್ತದೆ, ಮೇಲಿನ ಕೂದಲು ಅದನ್ನು ಮುಚ್ಚುತ್ತದೆ.
ಹೊಲಿಗೆ ಬಿಚ್ಚುವವರೆಗೆ ಕತ್ತು ಹೊರಳಿಸುವಂತಿಲ್ಲ.
(ಬಸ್ಸಿನವನಿಗೆ ಕತ್ತು ಹೊರಳಿಸಬೇಡ ಎಂದರೆ!)

ಚುಕ್ಕಿಯಾದರೆ ಒಂದೊಂದೇ ಬೇರು, ಎರಡು ಸಾವಿರದ ನಾನೂರು ಸಲ,
ಟುಕ್, ಟುಕ್, ಟುಕ್.
ಹೊಲಿಗೆಯಿಲ್ಲ. ಆದರೆ ಹಿಂದಲೆ ಪೂರಾ ನುಣ್ಣಗೆ.
ಪಟಾಲಮ್ಮಿಗೆ ಸೇರಿದ ಮೊದಲ ದಿನದ ಹಾಗೆ ಕಾಣುತ್ತೀರಿ, ಎಂದು ನಕ್ಕಳು.

ಆಮೇಲೆ ಕ್ಯಾಮೆರಾ ಹಿಡಿದಳು. ನಗು ನಿಂತಿತು.
ಸಾರ್, ಇಲ್ಲಿ ಮೊದಲೇ ಒಂದು ಗಾಯದ ಕಲೆ ಇದೆಯಲ್ಲ?

ಪರದೆಯ ಮೇಲೆ ನೋಡಿದೆ.
ನಲವತ್ತೊಂದು ವರ್ಷದ ಮೇಲೆ ಮೊದಲ ಸಲ,
ಹುಣಸೆಬೀಜದಷ್ಟು, ಬೆಳ್ಳಗೆ, ಒಂದು ರೋಮವೂ ಇಲ್ಲದ್ದು.

ಅಣ್ಣನ ಬುಗುರಿ ಅದು.
ಚಾಟಿ ತಪ್ಪಿ ಹಾರಿದ್ದು, ಮೊಳೆಯ ಕಡೆಯಿಂದಲೇ ಬಂದು ಕೂತದ್ದು.
ಅವ್ವ ಹುಳಿತ ಸೋಯಾ ಮುದ್ದೆ ಮೆತ್ತಿ ಅತ್ತಳು.
ಕಿ-ಬೋಮ್ ನನ್ನನ್ನು ಉಪ್ಪುಮೂಟೆ ಹೊತ್ತು
ಗುಡ್ಡದ ಮೆಟ್ಟಿಲಿಳಿದ:
ನಿದ್ದೆ ಮಾಡಬೇಡ, ಎಣಿಸು. ಎಣಿಸೋ!
ನೂರಾ ಎಪ್ಪತ್ತರವರೆಗೆ ನೆನಪಿದೆ.

ಅದೇ ಅಣ್ಣ ಮುಂದೆ ಜಾಮೀನಿಗೆ ಸಹಿ ಹಾಕಿಸಿಕೊಂಡು
ನನ್ನ ತಲೆ ಬೋಳಿಸಿದ.
ಹನ್ನೊಂದು ವರ್ಷವಾಯಿತು, ಮಾತಿಲ್ಲ.

ಪ್ಯೋನ್ ಹೇಳುತ್ತಿದ್ದಳು: ಪಟ್ಟಿಯಾದರೆ ಒಳ್ಳೆಯದೇ ಆಯಿತು,
ಆ ಕಲೆಯನ್ನೂ ಜೊತೆಗೇ ಕೊಯ್ದು ತೆಗೆಯಬಹುದು.
ಚುಕ್ಕಿಯಾದರೆ ಅಲ್ಲೇ ಇರುತ್ತದೆ,
ಕೂದಲು ಬರುವವರೆಗೆ ಎಲ್ಲರಿಗೂ ಕಾಣುತ್ತದೆ.

ಒಂದರಲ್ಲಿ ಹೋಗುತ್ತದೆ. ಇನ್ನೊಂದರಲ್ಲಿ ಬಯಲಾಗುತ್ತದೆ.
ಯೋಚಿಸಿ ಹೇಳುತ್ತೇನೆ ಎಂದೆ.

ರಾತ್ರಿ ಡಿಪೋದಲ್ಲಿ, ಬಸ್ಸು ತೊಳೆಯುವ ತಾಕ್‌ನ ಕೈಗೆ ಫೋನು ಕೊಟ್ಟು
ನನ್ನ ಹಿಂದಲೆಯ ಚಿತ್ರ ತೆಗೆಸಿದೆ.
ಅವನ ಒದ್ದೆ ಬೆರಳು ಕೂದಲು ಸರಿಸಿದ್ದು ತಣ್ಣಗಿತ್ತು.
ಅಳಿಸದೆ ಇಟ್ಟಿದ್ದ ಆ ನಂಬರಿಗೆ ಕಳಿಸಿದೆ.
ಒಂದಕ್ಷರ ಬರೆಯಲಿಲ್ಲ.

ಬೆಳಗಿನ ಮೊದಲ ಪಾಳಿಗೆ ಉತ್ತರ ಬಂದಿತ್ತು,
ಅದೂ ಬರೀ ಒಂದು ಚಿತ್ರ:
ದೀಪದ ಕೆಳಗೆ ಫಳಫಳ ಹೊಳೆಯುವ ಪೂರ್ತಿ ಬೋಳು.
ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಸಸಿಮಡಿಯೇ ಇಲ್ಲ.
ನಗು ಬಂತು. ಸಿಟ್ಟೂ ಬಂತು. ಸಾಲ ತೀರಿಲ್ಲವಲ್ಲ.

ಅರ್ಜಿ ಇನ್ನೂ ಜೇಬಿನಲ್ಲಿದೆ, ಎರಡು ಖಾಲಿ ಚೌಕ.
ಚುಕ್ಕಿಯ ಕಡೆ ಪೆನ್ನು ವಾಲುತ್ತದೆ, ಖರ್ಚು ಹೆಚ್ಚಾದರೂ.
ಸಿಗ್ನಲ್ಲಿನಲ್ಲಿ ನಿಂತಾಗ ಮೀನುಬುಟ್ಟಿಯ ಮುದುಕಿ,
ಮೊದಲ ಸೀಟಿನವಳು, ಕೇಳಿದಳು:
ಏನಪ್ಪಾ, ಅಲ್ಲಿ ಕೈಯಾಡಿಸುತ್ತಲೇ ಇದ್ದೀಯ. ಇವತ್ತು ನೋಯುತ್ತಿದೆಯಾ?
ನಾನಂತೂ ಅದನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ.